ಸೈಡ್ ಕೊಟ್ಟರೂ ಮುಂದೆ ಹೋಗದ ಆಟೊ

ಮುಸ್ಸಂಜೆಯಲ್ಲಿ ಟ್ರ್ಯಾಕ್ಟರ್ ಟ್ರೈಲರ್ ತುಂಬ ತೆಂಗಿನಕಾಯಿ ಹೇರಿಕೊಂಡು ದಬ್ಬೇಘಟ್ಟದಿಂದ ತುರುವೇಕೆರೆಗೆ ಬರುತ್ತಿದ್ದೆ. ಹಿಂದೆ ಒಂದು ಆಟೊ. ಕೈ ಬೀಸಿ ಸೈಡ್ ಕೊಟ್ಟರೂ ಮುಂದೆ ಹೋಗದೆ ಊರು ಮುಟ್ಟುವವರೆಗೂ ಬೆನ್ನಿಗೇ ಬಂತು. ಸಿಟ್ಟು ಬಂದು ಗಾಡಿ ನಿಲ್ಲಿಸಿ, "ದಾರಿ ಬಿಟ್ರೂ ಯಾಕಪ್ಪ ಹೋಗ್ಲಿಲ್ಲ?" ಎಂದೆ.

"ನಿಮ್ ಟ್ರೈಲರ್ ಲೈಟು ಒಂದೂ ಉರೀತಿಲ್ಲ ಕಣ್ರೀ. ನಾನು ಮುಂದೆ ಹೋದ್ರೆ ಹಿಂದೆ ಬರೋ ಬಸ್ಸು ನಿಮಗೇ ಗುದ್ದುತ್ತೆ" ಎಂದ ಆಟೊದವರು ಬಗ್ಗಿ ನೋಡಿ ನಕ್ಕುಬಿಟ್ಟರು. "ವೈರನ್ನೂ ತೆಂಗಿನ ನಾರಲ್ಲೇ ಕಟ್ಟಿದೀರಲ್ಲ ಯಜಮಾನ್ರೇ!"

ನಮ್ಮ ಕಡೆ ಏನು ಜೋತುಬಿದ್ದರೂ ನಾರಲ್ಲಿ ಕಟ್ಟುವುದೇ ಅಭ್ಯಾಸ. ಆ ನಾರು ಸವೆದು, ವೈರು ಜಗ್ಗಿ ಕಿತ್ತುಬಂದಿತ್ತು. ಕಾಯಿ ಕೊಡಹೋದರೆ ಅವರು ಮುಟ್ಟಲಿಲ್ಲ. "ಮೊದ್ಲು ಲೈಟ್ ಮಾಡ್ಸಿ" ಎಂದರು.

ಮಾರನೆಯ ದಿನ ಮೆಕ್ಯಾನಿಕ್ ಹತ್ತಿರ ಜನ್ಮದಲ್ಲೇ ಮೊದಲ ಸಲ ಚೌಕಾಸಿ ಮಾಡಲಿಲ್ಲ. ಪೈಪಿನೊಳಗೆ ಹೊಸ ವೈರು ಎಳೆಸಿದೆ, ಅರ್ತಿಂಗ್‌ಗೆ ಬೇರೆ ವೈರು ಕೊಡಿಸಿದೆ, ಎಲ್‌ಇಡಿ ದೀಪ ಹಾಕಿಸಿದೆ. ಟ್ರೈಲರ್ ಇಟ್ಟಿರುವವರಿಗೆ ನನ್ನ ಮಾತು ಇಷ್ಟೇ: ಲೋಡಾದ ಮೇಲೆ ಒಮ್ಮೆ ಇಳಿದು, ಹಿಂದೆ ಹೋಗಿ ನೋಡಿ.

ಆಟೊದವರೇ, ನಿಮ್ಮ ಹೆಸರು ಕೇಳುವುದನ್ನೇ ಮರೆತೆ. ಇನ್ನೊಮ್ಮೆ ದಾರಿಯಲ್ಲಿ ಸಿಕ್ಕರೆ ಧೈರ್ಯವಾಗಿ ನನ್ನನ್ನು ಹಿಂದೆ ಹಾಕಿ ಹೋಗಿ.