ಬಾವಿ ಹಗ್ಗದ ಗ್ರಾಫ್

ನಿಜಾಮರ ಕಾಲದಲ್ಲಿ ಮಸ್ಕಿಯ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದ ಅಮರಗುಂಡಪ್ಪ ಮಾಸ್ತರರು ಯಾರಿಗೂ ಬಗ್ಗುವ ಆಸಾಮಿಯಲ್ಲ. ಊರ ಬಾವಿಯಲ್ಲಿ ನೀರು ಸೇದಲು ತಿಂಗಳಿಗೆ ತಿಂಗಳು ಎಷ್ಟು ಮೊಳ ಹಗ್ಗ ಬೇಕಾಯಿತೆಂದು ಮಕ್ಕಳಿಂದಲೇ ಅಳೆಸಿ, ಹಲಗೆಯ ಮೇಲೆ ಗ್ರಾಫ್ ಬರೆಸಿದ್ದರು. ಬೇಸಿಗೆಯಲ್ಲಿ ತಪಾಸಣೆಗೆ ಬಂದ ಸಾಹೇಬರು ಮೇಲೇರಿದ ಗೆರೆ ಕಂಡು ಹಿಗ್ಗಿದರು.

"ಶಾಬಾಸ್! ಸರಕಾರದ ದಯಾದಿಂದ ಬಾವ್ಯಾಗ ನೀರು ಏರ್ಯಾವು!"

"ಏರಿದ್ದು ಹಗ್ಗದ ಉದ್ದ ರೀ, ಸಾಹೇಬ್ರ. ನೀರು ತಳಾ ಸೇರ್ಯಾವು."

ಮಕ್ಕಳು ಕಿಸಕ್ಕನೆ ನಕ್ಕರು. ಸಾಹೇಬರ ಮುಖ ಕೆಂಪಾಯಿತು.

"ಅಳಿಸ್ರಿ ಅದನ್ನ! ಇಲ್ಲಾಂದ್ರ ನಿಮ್ಮ ನೌಕರಿ ಹೋಗತೈತಿ."

ಮಾಸ್ತರರು ಮೂಲೆಯಲ್ಲಿದ್ದ ಹಗ್ಗ, ಕೊಡ ತಂದು ಅವರ ಕಾಲ ಬಳಿ ಕುಕ್ಕಿದರು.

"ನೀವ ಹೋಗಿ ಒಂದು ಕೊಡ ಸೇದಿಕೊಂಡು ಬರ್ರಿ. ಆ ನೀರಾಗ ಅರಿವಿ ತೋಯಿಸಿ ನಾನ ಒರಸ್ತೀನಿ."