ಉಪ್ಪು ನೋಡುವವರು

ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಬಂತೆಂದರೆ ಕೆಳಮನೆಯ ದರ್ಜಿಯಮ್ಮನ ಉಪವಾಸ ಇಡೀ ಓಣಿಗೆ ಗೊತ್ತಾಗುತ್ತದೆ. ಬೇಕರಿಯ ಮುಂದೆ ಮೂಗಿಗೆ ಕರ್ಚೀಫು ಒತ್ತಿಕೊಂಡು, ಕಣ್ಣು ಮುಚ್ಚಿ ನಡೆದು, ದೀಪದ ಕಂಬಕ್ಕೆ ಹಣೆ ಚಚ್ಚಿಕೊಳ್ಳುತ್ತಾಳೆ. ಹೊಟ್ಟೆ ಗುರ್ ಎಂದರೆ "ಸುಮ್ನಿರು, ಈಸ್ಟರ್ ಏನು ಓಡಿ ಹೋಗಲ್ಲ" ಎಂದು ಅದನ್ನೇ ಗದರುತ್ತಾಳೆ. "ಉಪವಾಸ ಇವಳದು, ಸುಸ್ತು ನಮ್ಮದು" ಎನ್ನುತ್ತಾನೆ ಗಂಡ. ಇಷ್ಟಾದರೂ ಒಲೆಯ ಮೇಲಿನ ಪಾತ್ರೆ ಚಿಕ್ಕದಾಗುವುದಿಲ್ಲ. "ಬಿಟ್ಟ ತುತ್ತು ನಮ್ಮನೇಲೇ ಉಳಿದ್ರೆ ಅದು ಉಪವಾಸ ಅಲ್ಲ, ಉಳಿತಾಯ" ಎಂಬುದು ಅವಳ ವೇದವಾಕ್ಯ. ಮಧ್ಯಾಹ್ನ ಸೂಪು ಕುದಿದೊಡನೆ ಮಹಡಿಯತ್ತ ಕೂಗು ಹಾಕುತ್ತಾಳೆ: "ಗಡಿಯಾರದಣ್ಣಾ, ನಾನು ಬಾಯಿಗಿಡೋ ಹಾಗಿಲ್ಲ, ಸ್ವಲ್ಪ ಬಂದು ಉಪ್ಪು ನೋಡಿ!" ಹೆಂಡತಿ ತೀರಿಕೊಂಡ ಮೇಲೆ ಒಲೆ ಹಚ್ಚುವುದನ್ನೇ ಬಿಟ್ಟ, ಯಾರಾದರೂ ತಟ್ಟೆ ಕಳಿಸಿದರೆ "ನಾನೇನು ತಿರುಪೆ ಎತ್ತೋನಾ?" ಎಂದು ಹಿಂದಕ್ಕಟ್ಟುವ ಆ ಗಡಿಯಾರ ರಿಪೇರಿಯ ಮುದುಕ, ಈ ಕೂಗಿಗೆ ಮಾತ್ರ ನ್ಯಾಯಾಧೀಶನ ಗತ್ತಿನಲ್ಲಿ ಮೆಟ್ಟಿಲಿಳಿದು ಬರುತ್ತಾನೆ. ಒಂದು ಚಮಚದಲ್ಲಿ ತೀರ್ಪು ಕೊಡಲಾದೀತೇ? ಬ್ರೆಡ್ಡು ಅದ್ದಿ ಅದ್ದಿ ಬಟ್ಟಲು ಬರಿದು ಮಾಡಿ, "ಒಂದು ಚಿಟಿಕೆ ಕಮ್ಮಿ ಕಣಮ್ಮಾ" ಎನ್ನುತ್ತಾನೆ. "ಅಯ್ಯೋ, ನನ್ನ ಕೈಗೇನಾಯ್ತೋ!" ಎಂದು ಅವಳು ಪಾತ್ರೆಯ ಮೇಲೆ ಬೆರಳು ಉಜ್ಜಿ ಉದುರಿಸಿ, ಮತ್ತೊಂದು ಬಟ್ಟಲು ತುಂಬಿಸಿ ಮುಂದಿಡುತ್ತಾಳೆ. ಅದನ್ನೂ ಮುಗಿಸಿ, "ಈಗ ನೋಡು, ಹದವಾಯ್ತು" ಎಂದು ಮುದುಕ ಮೀಸೆ ಒರೆಸಿಕೊಳ್ಳುತ್ತಾನೆ. ಪಕ್ಕದಲ್ಲಿ ಪಾತ್ರೆ ತೊಳೆಯುವ ಸೊಸೆ ತುಟಿ ಕಚ್ಚಿ ತಲೆ ತಗ್ಗಿಸುತ್ತಾಳೆ: ಅತ್ತೆಯ ಬೆರಳು ಉಪ್ಪಿನ ಡಬ್ಬಿಯನ್ನು ಮುಟ್ಟಿಯೇ ಇರುವುದಿಲ್ಲ.