ರೈಫಲ್ ಮುಂದ ಕನ್ನಡ

ನಮ್ಮ ಭಾವ ರಘೋತ್ತಮ ಅವರು ಬೇಕೆಂದು ಒಂದು ಇರುವೆಯನ್ನೂ ಕೊಂದವರಲ್ಲ. ಈರುಳ್ಳಿ ವ್ಯಾಪಾರಕ್ಕೆ ಹೆಸರಾದ ನಾಸಿಕ ಸೀಮೆಯಲ್ಲಿ ಇಪ್ಪತ್ತನಾಲ್ಕು ವರ್ಷ ಇದ್ದೂ, ಏಕಾದಶಿಯ ದಿನ ಅದರ ವಾಸನೆ ಬಂದರೆ ಧೋತರದ ತುದಿಯಿಂದ ಮೂಗು ಮುಚ್ಚಿಕೊಳ್ಳುವ ಮನುಷ್ಯ. ಬಾಗಲಕೋಟೆಯಿಂದ ಬಂದು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಇಂಥವರ ಮಲಗುವ ಕೋಣೆಯ ಕಬ್ಬಿಣದ ಕಪಾಟಿನಲ್ಲಿ, ಮಡಿಬಟ್ಟೆಯ ಗಂಟಿನ ಪಕ್ಕ, ಒಂದು ಪಾಯಿಂಟ್ ಟೂ ಟೂ ರೈಫಲ್ ಇತ್ತು. ನಾನು ಅವರ ಹೆಂಡತಿ ಅಂಬುಜಕ್ಕನ ತಮ್ಮ, ಸಮೀರ. ಅವರಲ್ಲಿಗೆ ಹೋದಾಗ ಆ ಕಪಾಟಿನ ಕೀಲಿ ತಿರುಗುವ ಸಪ್ಪಳ ಕೇಳಿದರೆ ನನಗೆ ಊಟ ಸೇರುತ್ತಿರಲಿಲ್ಲ. ಪುಕ್ಕಲ ಎಂದು ಭಾವ ನಗುತ್ತಿದ್ದರು. ನಾನು ಪುಕ್ಕಲನೇ. ಆದರೆ ಬಾಯಿಬಿಡಬೇಕಾದ ದಿನ ಬಾಯಿಬಿಡದ ಪುಕ್ಕಲ, ಅದು ನನ್ನ ತಪ್ಪು.

ರೈಫಲ್ ಮನೆಗೆ ಬಂದದ್ದು ಮಗಳು ಮಾನ್ಯಾಳಿಗಾಗಿ. ನಾಸಿಕದಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡ ಬಹುಪಾಲು ತಿಳಿಯುತ್ತದೆ, ಬಾಯಿಗೆ ಬರುವುದು ಮರಾಠಿ. ಅಪ್ಪ ಕನ್ನಡದಲ್ಲಿ ಕೇಳಬೇಕು, ಮಗಳು ಮರಾಠಿಯಲ್ಲಿ ಹೇಳಬೇಕು, ಅಪ್ಪನಿಗೆ ಮೂಗಿನ ತುದಿಗೆ ಸಿಟ್ಟು ಬರಬೇಕು. ಹೀಗೆ ಹದಿನಾರು ತುಂಬುವಷ್ಟರಲ್ಲಿ ಇಬ್ಬರ ನಡುವೆ ಮಾತೇ ನಿಂತಿತ್ತು. ಆ ವರ್ಷ ಎನ್‌ಸಿಸಿ ಶಿಬಿರದಲ್ಲಿ ಗುರಿ ಹೊಡೆಯಲು ಕೊಟ್ಟರೆ ಈ ಹುಡುಗಿ ದೊಡ್ಡವರನ್ನೆಲ್ಲ ಹಿಂದೆ ಹಾಕಿ ಬಂದಳು. ಭಾವನಿಗೆ ಏನು ಹೊಳೆಯಿತೋ, ಎರಡು ವರ್ಷ ಕಚೇರಿಯಿಂದ ಕಚೇರಿಗೆ ಅಲೆದು ಲೈಸೆನ್ಸ್ ತಂದರು, ರೈಫಲ್ ತಂದರು. ಜೊತೆಗೆ ಒಂದು ಷರತ್ತು ಹಾಕಿದರು.

"ನೋಡವಾ, ಹೊರಗ ನೀ ಏನರ ಮಾತಾಡು. ರೈಫಲ್ ಮುಂದ ಮಾತ್ರ ಕನ್ನಡ."

ಹುಡುಗಿ ಒಪ್ಪಿದಳು. ಕಪಾಟಿನ ಬಾಗಿಲು ತೆಗೆದರೆ ಸಾಕು, ಆ ಮನೆಯಲ್ಲಿ ಅಪ್ಪ ಮಗಳು ತಲೆಗೆ ತಲೆ ತಾಗಿಸಿ ಕನ್ನಡ ಮಾತಾಡತೊಡಗಿದರು. ತಪ್ಪು ಕನ್ನಡ, ಅರ್ಧ ಕನ್ನಡ, ಆದರೂ ಕನ್ನಡ. ಅದನ್ನು ಕಂಡು ನನಗೆ ಹೊಟ್ಟೆಕಿಚ್ಚೂ ಆಗಿದೆ, ಸುಳ್ಳೇಕೆ ಹೇಳಲಿ.

ಭಾವನ ಹುಚ್ಚು ಎಂದರೆ ಗುರಿಯ ನಿಖರತೆ. ಐವತ್ತು ಮೀಟರ್ ದೂರದ ಕಾಗದದ ಮೇಲೆ ಮಾನ್ಯಾ ಹೊಡೆದ ಐದು ಗುಂಡಿನ ತೂತುಗಳು ಒಂದು ಅಂಗಿಯ ಗುಂಡಿಯ ಅಡಿ ಮುಚ್ಚಿಹೋಗಬೇಕು, ಇಷ್ಟೇ ಅವರ ಆಸೆ. ಅದಕ್ಕಾಗಿ ಭಾನುವಾರವೆಲ್ಲ ಚಾಪೆಯ ಮೇಲೆ ಕುಳಿತುಬಿಡುತ್ತಿದ್ದರು. ನಳಿಗೆ ತನ್ನಡಿಯ ಕಟ್ಟಿಗೆಗೆ ಎಲ್ಲಾದರೂ ತಾಗುತ್ತಿದೆಯೇ ಎಂದು ಪಂಚಾಂಗದ ಹಳೆಯ ಹಾಳೆಯನ್ನು ನಡುವೆ ತೂರಿಸಿ ತುದಿಯವರೆಗೆ ಎಳೆದು ನೋಡುವುದು. ಕಟ್ಟಿಗೆಯನ್ನು ಬಿಗಿಹಿಡಿದ ಎರಡು ಸ್ಕ್ರೂಗಳನ್ನು ಒಂದೇ ಬಿಗಿತಕ್ಕೆ ತಂದು, ಅವುಗಳ ತಲೆಗೆ ಅಂಬುಜಕ್ಕನ ಉಗುರುಬಣ್ಣದಿಂದ ಗೆರೆ ಎಳೆಯುವುದು. ಒಂದೊಂದು ಪೆಟ್ಟಿಗೆಯ ಗುಂಡನ್ನೂ ಬೇರೆ ಬೇರೆ ಹೊಡೆಸಿ, ಈ ರೈಫಲ್‌ಗೆ ಯಾವುದು ಒಗ್ಗುತ್ತದೆ ಎಂದು ಬರೆದಿಡುವುದು. ಅಷ್ಟು ನೆಟ್ಟಗೆ ಅವರು ಕಚೇರಿಯ ಕೆಲಸವನ್ನೂ ಮಾಡಿರಲಿಕ್ಕಿಲ್ಲ.

ಇನ್ನೊಂದು ಪದ್ಧತಿ ಇತ್ತು, ಅದನ್ನು ಸರಿಯಾಗಿ ಹೇಳಬೇಕು. ಈ ಜಾತಿಯ ರೈಫಲ್‌ನಲ್ಲಿ ಒಳಗಿನ ಸೂಜಿ ಗುಂಡಿನ ಹಿತ್ತಾಳೆ ಕವಚದ ಅಂಚಿಗೆ ಹೊಡೆಯುತ್ತದೆ. ಒಳಗೆ ಏನೂ ಇಲ್ಲದೆ ಕುದುರೆ, ಎಂದರೆ ಟ್ರಿಗರ್, ಎಳೆದರೆ ಸೂಜಿ ನಳಿಗೆಯ ಹಿಂತುದಿಗೇ ಬಡಿದು ಅದು ಕೆಡುತ್ತದಂತೆ. ಹಾಗಾಗಿ ಮನೆಯಲ್ಲಿ ಕುದುರೆ ಎಷ್ಟು ಮೆತ್ತಗಿದೆ ಎಂದು ನೋಡುವಾಗ, ಆಗಲೇ ಹೊಡೆದು ಮುಗಿದ ಕವಚವೊಂದನ್ನು ಒಳಗೆ ಇಡುತ್ತಿದ್ದರು. ಅದಕ್ಕೆ ಭಾವ ಇಟ್ಟ ಹೆಸರು 'ಖಾಲಿ'. "ಮಾನ್ಯಾ, ಒಳಗ ಖಾಲಿ ಅದ ಏನು?" ಎಂದು ಅವರು ಕೇಳುವುದು, "ಅದ ಅಪ್ಪಾ" ಎಂದು ಅವಳು ಹೇಳುವುದು, ಟಕ್ ಎಂದು ಸಪ್ಪಳವಾಗುವುದು. ಇದು ದಿನಾ ನಡೆಯುತ್ತಿತ್ತು. ಒಂದೊಂದು ಟಕ್ಕಿಗೂ ಅಡುಗೆಮನೆಯಲ್ಲಿ ಅಕ್ಕನ ಲಟ್ಟಣಿಗೆ ನಿಲ್ಲುತ್ತಿತ್ತು.

ಈ ಜನವರಿಯಲ್ಲಿ ಛತ್ರಪತಿ ಸಂಭಾಜಿನಗರದಲ್ಲಿ ಒಂದು ಸ್ಪರ್ಧೆ ಬಂತು. ಅಲ್ಲಿ ಮೇಲೆ ಬಂದರೆ ಮಾನ್ಯಾಳಿಗೆ ರಾಜ್ಯದ ತಂಡದ ದಾರಿ ತೆರೆಯುತ್ತಿತ್ತು. ಆಗ ಅವಳಿಗೆ ಹತ್ತೊಂಬತ್ತು. ನಾನು ಅಲ್ಲಿಯ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದೇನೆ, ಸಿಡ್ಕೋ ಬಡಾವಣೆಯಲ್ಲಿ ಎರಡು ಕೋಣೆಯ ಫ್ಲ್ಯಾಟಿದೆ. ಅಪ್ಪ ಮಗಳು ನನ್ನಲ್ಲೇ ಇಳಿಯುವುದೆಂದಾಯಿತು. ಅವರು ಹೊರಡುವ ಹಿಂದಿನ ದಿನ ಅಕ್ಕ ಫೋನ್ ಮಾಡಿದಳು.

"ಸಮೀರಾ, ಒಂದು ಮಾತು ನಡಸ್ತೀ ಏನು? ನಿನ್ನ ಮನ್ಯಾಗ ಅದನ್ನ ಚೀಲದಿಂದ ಹೊರಗ ತಗೀಗೊಡಬ್ಯಾಡ. ಇಲ್ಲೆ ಅದರ ಮುಂದ ಇಡಲಿಕ್ಕೆ ಮಳಲಿನ ಚೀಲ ಅವ, ಗ್ವಾಡಿ ಅದ, ನಾ ಇದ್ದೀನಿ. ಅಲ್ಲೆ ಏನೂ ಇಲ್ಲ."

"ಆತಕ್ಕಾ, ನೀ ಚಿಂತಿ ಮಾಡಬ್ಯಾಡ."

"ನಾ ಕಣ್ಣು ಮುಚ್ಚಿದ್ರ ಮಾನ್ಯಾನ ಕಾಣ್ತಾಳೋ. ನಿನ್ನ ಮ್ಯಾಲೆ ಬಿಟ್ಟೀನಿ."

ನಾನು ಮಾತು ಕೊಟ್ಟೆ.

ಅವರು ಮನ್ಮಾಡ್ ಮೇಲೆ ರೈಲಿನಲ್ಲಿ ಬಂದರು. ಆ ವಾರ ಎಲುಬು ಕೊರೆಯುವ ಚಳಿ, ನಾಸಿಕದ ಪಕ್ಕದ ನಿಫಾಡಿನ ದ್ರಾಕ್ಷಿ ತೋಟಗಳಲ್ಲಿ ಬೆಳಗಿನ ಜಾವ ಹೊಗೆ ಹಾಕಿ ಗೊನೆ ಉಳಿಸಿಕೊಳ್ಳುತ್ತಿದ್ದರಂತೆ. ಭಾವ ಹೊರಡುವ ಮೊದಲು ರೈಫಲ್ಲಿನ ಒಳಭಾಗ ತೊಳೆದು ಹೊಸ ಗ್ರೀಸ್ ಹಚ್ಚಿದ್ದರು, ತುಸು ಧಾರಾಳವಾಗಿಯೇ. ಚಳಿಗೆ ಆ ಗ್ರೀಸ್ ಬೆಣ್ಣೆಯಂತೆ ಗಟ್ಟಿಯಾಗಿ ಸೂಜಿಯ ಕಸುವು ತಗ್ಗಿಸಿತ್ತೆಂದು ಆಮೇಲೆ ಬಲ್ಲವರು ಹೇಳಿದರು. ನಿಖರತೆಗೆಂದು ಮಾಡಿದ ಉಪಚಾರವೇ ಉಪದ್ರವವಾಯಿತು.

ಸ್ಪರ್ಧೆಯ ಹಿಂದಿನ ದಿನ ಅಭ್ಯಾಸ. ನಾನೂ ರಜೆ ಹಾಕಿ ಹೋಗಿದ್ದೆ. ಮಾನ್ಯಾ ಮಲಗಿ ಹೊಡೆಯುತ್ತಿದ್ದಳು, ನಾವು ಹಗ್ಗದ ಆಚೆ ನಿಂತಿದ್ದೆವು. ದುರ್ಬೀನಿನಲ್ಲಿ ನೋಡಿ ಭಾವ ನನ್ನ ಹೆಗಲು ಹಿಂಡಿದರು. ತೂತುಗಳು ಒಂದರೊಳಗೊಂದು ಬೀಳುತ್ತಿದ್ದವು. ಕಡೆಯದೊಂದು ಮಾತ್ರ ಸಿಡಿಯಲಿಲ್ಲ. ಸೂಜಿ ಹೊಡೆದ ಸಪ್ಪಳ ಅವಳಿಗಷ್ಟೇ ಕೇಳಿತು, ಗುಂಡು ಹೊರಡಲಿಲ್ಲ. ಅವಳು ತುಸು ಹೊತ್ತು ಕಾದು ಹಿಂದಿನ ಚಿಲಕ ಎಳೆದಳು. ಗುಂಡನ್ನು ಹಿಡಿದೆಳೆಯುವ ಕೊಕ್ಕೆ ಜಾರಿತು, ಗುಂಡು ಒಳಗೇ ಉಳಿಯಿತು. ನಮಗೆ ಅಷ್ಟು ದೂರದಿಂದ ಇದೊಂದೂ ತಿಳಿಯಲಿಲ್ಲ, ಹೊಡೆಯುವುದು ಮುಗಿಯಿತೆಂದುಕೊಂಡೆವು.

ಅಷ್ಟರಲ್ಲಿ ಸಮಯ ಮುಗಿದ ಸೀಟಿ. ನಿಯಮದಂತೆ ಅಧಿಕಾರಿಯನ್ನು ಕರೆಯಬೇಕಿತ್ತು. ಕರೆದರೆ ರೈಫಲ್ ತಪಾಸಣೆಗೆ ಹೋಗುತ್ತದೆ, ನಾಳೆ ಹೊಡೆಯಲು ಬಿಡುವರೋ ಇಲ್ಲವೋ. ಹುಡುಗಿ ಹೆದರಿದಳು. ಚಿಲಕ ತೆರೆದೇ ಇಟ್ಟು, ನಳಿಗೆ ನೆಲಕ್ಕೆ ಮಾಡಿ ಹಿಡಿದುಕೊಂಡು ನಮ್ಮ ಹತ್ತಿರ ಬಂದಳು. ಸುತ್ತ ನಿಂತವರೆಲ್ಲ ಮರಾಠಿಯವರು. ಅವರಿಗೆ ತಿಳಿಯಬಾರದೆಂದು ಅಪ್ಪನ ಕಿವಿಯಲ್ಲಿ ಕನ್ನಡದಲ್ಲಿ ಹೇಳಿದಳು, ಪಕ್ಕದಲ್ಲಿದ್ದ ನನಗೂ ಕೇಳಿಸಿತು.

"ಅಪ್ಪಾ, ಗೋಳಿ ಖಾಲೀನ ಅದ."

"ಇರಲಿ ತಗೋ, ಇವತ್ತಿಗೆ ಸಾಕು," ಎಂದರು ಭಾವ.

ಕನ್ನಡದಲ್ಲಿ ಖಾಲಿ ಎಂದರೆ ಏನೂ ಇಲ್ಲ. ಮರಾಠಿಯಲ್ಲಿ ಖಾಲಿ ಎಂದರೆ ಕೆಳಗೆ. ನಳಿಗೆ ನೆಲದ ಕಡೆ ಇತ್ತು, ಗುಂಡು ಕೆಳಗೇ, ನಳಿಗೆಯಲ್ಲೇ ಉಳಿದಿದೆ ಎಂದು ಅವಳು ಹೇಳಿದ್ದಳು. ಗುಂಡು ಮುಗಿದಿವೆ ಎಂದು ಅವರು ಕೇಳಿದ್ದರು. ಇಪ್ಪತ್ತನಾಲ್ಕು ವರ್ಷ ಮರಾಠಿ ಆಡಿದ ಭಾವನಿಗೆ, ದಿನಾ ಬ್ಯಾಂಕಿನಲ್ಲಿ 'ಖಾಲಿ ಸಹಿ ಕರಾ', ಕೆಳಗೆ ಸಹಿ ಮಾಡಿ, ಎಂದು ಗಿರಾಕಿಗಳಿಗೆ ಹೇಳುವ ನನಗೆ, ಇಬ್ಬರಿಗೂ ಆ ಅರ್ಥ ಗೊತ್ತಿತ್ತು. ಆದರೆ ಅದು ರೈಫಲ್ ಮುಂದಿನ ಮಾತು. ಅಲ್ಲಿ ಮರಾಠಿ ಬರುವುದಿಲ್ಲವೆಂದು ನಮ್ಮ ಕಿವಿ ಒಪ್ಪಿಕೊಂಡುಬಿಟ್ಟಿತ್ತು. ಬರೆಯುವಾಗಲೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಸಂಜೆ ಐದರ ಹೊತ್ತಿಗೆ ಮನೆಗೆ ಬಂದೆವು. ಚಹಾ ಆಯಿತು. ಮಾನ್ಯಾ ಮುಖ ತೊಳೆಯಲು ಒಳಗೆ ಹೋದಳು. ಅಪ್ಪನಿಗೆ ಹೇಳಿಯಾಗಿದೆ, ಇನ್ನು ಅವರೇ ಅದನ್ನು ತೆಗೆಯುತ್ತಾರೆ ಎಂದು ಅವಳು ನಿಶ್ಚಿಂತೆಯಾಗಿದ್ದಳು. ಭಾವ ಚೀಲದ ಜಿಪ್ ಎಳೆದರು.

"ಭಾವ, ಇಲ್ಲೆ ಬ್ಯಾಡರಿ," ಎಂದೆ.

"ಯಾಕೋ?"

"ಅಕ್ಕ ಹೇಳ್ಯಾಳ."

"ನಿಮ್ಮಕ್ಕಗ ಕುಕ್ಕರ್ ಸೀಟಿ ಹೊಡದ್ರೂ ಹೆದರಿಕಿ. ಒಂದು ಗುಂಡು ಸ್ವಲ್ಪ ಎಡಕ್ಕ ಹೋತು ನೋಡಿದ್ಯೋ ಇಲ್ಲೋ? ಕುದುರಿ ಎಲ್ಲೋ ಹಿಡೀಲಿಕತ್ತದ. ಐದು ನಿಮಿಷ, ಅಷ್ಟ. ಒಂದು ಅಕ್ಕಿ ಚೀಲ ತಂದಿಡು ಇಲ್ಲೆ."

ಅಕ್ಕನ ಗಂಡ, ವಯಸ್ಸಿನಲ್ಲಿ ಹಿರಿಯರು, ನನ್ನ ಮನೆಗೆ ಬಂದ ಅತಿಥಿ. ಬ್ಯಾಂಕಿನಲ್ಲಿ ಹತ್ತು ಜನರನ್ನು ಗದರಿಸುವವನು, ತೆಪ್ಪಗೆ ಹೋಗಿ ಅಕ್ಕಿಯ ಚೀಲ ಹೊತ್ತು ತಂದೆ. ಒಳಕೋಣೆಯ ಬಾಗಿಲ ಪಕ್ಕದ ಗೋಡೆಗೆ ಅದನ್ನು ಒರಗಿಸಿದೆ. ಇಟ್ಟ ಜಾಗವನ್ನೂ ನಾನೇ ಆರಿಸಿದೆ.

ಭಾವ ಚಾಪೆಯ ಮೇಲೆ ಕುಳಿತು ನಳಿಗೆಯನ್ನು ಚೀಲದ ಕಡೆ ಮಾಡಿದರು. ಕನ್ನಡಕ ಏರಿಸಿ ಹಿಂದಿನಿಂದ ಒಳಗೆ ನೋಡಿದರು. ಹಿತ್ತಾಳೆಯ ಅಂಚು, ಅದರ ಮೇಲೆ ಸೂಜಿ ಹೊಡೆದ ಗುರುತು. ಹೊಡೆದು ಮುಗಿದ ಕವಚಕ್ಕೂ ಹಿಂದಿನಿಂದ ನೋಡಿದರೆ ಅದೇ ಗುರುತು ಇರುತ್ತದೆ. ನನ್ನ ಕಡೆ ತಿರುಗಿ, "ನೋಡು, ಎಷ್ಟ ಶ್ಯಾಣೆ ಆಗ್ಯಾಳ. ನಾ ಹೇಳೂದ್ರಾಗ ತಾನ ಖಾಲಿ ಇಟ್ಟಾಳ," ಎಂದರು. ಎಂದೂ ಬಿಡದ ಪದ್ಧತಿಯಂತೆ ಒಳಗೆ ಕೂಗಿಯೂ ಕೇಳಿದರು.

"ಮಾನ್ಯಾ, ಒಳಗ ಖಾಲಿ ಅದ ಏನವಾ?"

"ಹಾಂ ಅಪ್ಪಾ, ಖಾಲೀನ ಅದ! ಮೀ ಆಲೇ!"

ಗುಂಡು ಇನ್ನೂ ಕೆಳಗಿದೆಯೇ ಎಂದು ಅಪ್ಪ ಕೇಳಿದರೆಂದು ತಿಳಿದು, ಬಂದೆ ಎಂದು ಮರಾಠಿಯಲ್ಲಿ ಕೂಗಿದ್ದಳು. ಅವಳಿಗೆ ನೆನಪಾಗಿತ್ತು. ಸಿಕ್ಕಿಕೊಂಡ ಗುಂಡನ್ನು ನಳಿಗೆಯ ಮುಂದಿನಿಂದ ಹಿಂದಕ್ಕೆ ನೂಕಲು ಒಂದು ಸಣ್ಣ ಹಿತ್ತಾಳೆಯ ಸರಳು ಬೇಕು. ಅದು ಅವಳ ಕೈಚೀಲದಲ್ಲಿತ್ತು. ಭಾವ ಚಿಲಕ ಮುಚ್ಚಿದರು. ಕುದುರೆಯ ಮೇಲೆ ಬೆರಳಿಟ್ಟು, ತಲೆ ಬಗ್ಗಿಸಿ, ಕಿವಿಯಿಂದಲೇ ಅದರ ಎಳೆತ ಕೇಳುವವರಂತೆ ಕಣ್ಣು ಮುಚ್ಚಿದರು. ಮಾನ್ಯಾ ಸರಳು ಹಿಡಿದು ಬಾಗಿಲಿಂದ ಹೊರಬಂದಳು, ಅಕ್ಕಿಚೀಲದ ಪಕ್ಕ ಮೊಣಕಾಲೂರಿ, ನಳಿಗೆಯ ಬಾಯಿಗೆ ಎಡಗೈ ಚಾಚಿದಳು. ನಾನು ನೋಡಿದೆ. ಆ ಸರಳು ಯಾಕೆ ಎಂದು ಯೋಚಿಸಿದೆ. ಯೋಚಿಸುವ ಬದಲು ಕೂಗಬಹುದಿತ್ತು.

ಚಳಿಯಲ್ಲಿ ಸಿಡಿಯದ್ದು ಬೆಚ್ಚನೆಯ ಮನೆಯಲ್ಲಿ ಸೂಜಿಯ ಎರಡನೇ ಹೊಡೆತಕ್ಕೆ ಸಿಡಿಯಿತು. ದೊಡ್ಡ ಸಪ್ಪಳವೂ ಅಲ್ಲ. ಸರಳು ನೆಲಕ್ಕೆ ಬಿದ್ದು ಉರುಳಿತು. ಅದನ್ನು ನೋಡಿದ ಮೇಲೆ ಭಾವ ಮಗಳ ಕೈ ನೋಡಿದರು. ಅವರ ಬಾಯಿಂದ ಬಂದ ಕೂಗನ್ನು ನಾನು ಬರೆಯಲಾರೆ.

ಎಡಗೈಯ ಎರಡು ಬೆರಳು ಉಳಿಯಲಿಲ್ಲ. ರೈಫಲ್ಲಿನ ಭಾರ ಹೊರುವ ಕೈ ಅದೇ. ಜೀವ ಉಳಿಯಿತಲ್ಲ ಎಂದು ಡಾಕ್ಟರು ಹೇಳಿದರು, ಎಲ್ಲರೂ ಹೇಳಿದರು. ಪೊಲೀಸರು ರೈಫಲ್ ಮತ್ತು ಲೈಸೆನ್ಸ್ ತೆಗೆದುಕೊಂಡು ಹೋದರು. ಹೇಳಿಕೆ ಬರೆದುಕೊಳ್ಳುವ ಅಧಿಕಾರಿ ಒಳ್ಳೆಯವನಿದ್ದ, ಭಾಷೆಯ ಗೊಂದಲದಿಂದ ಹೀಗಾಯಿತೆಂದು ಬರೆಯಲೇ ಎಂದು ತಾನೇ ಕೇಳಿದ. ಭಾವ ಬೇಡವೆಂದರು. ಹುಡುಗಿ ಸರಿಯಾಗಿಯೇ ಹೇಳಿದ್ದಳು, ತಪ್ಪು ಕೇಳಿದ್ದು ತಾನು, ತೆಗೆದು ನೋಡದೆ ಎಳೆದದ್ದೂ ತಾನು ಎಂದು ಶುದ್ಧ ಮರಾಠಿಯಲ್ಲಿ ಬರೆಸಿ ಸಹಿ ಹಾಕಿದರು.

ನಾಸಿಕದಿಂದ ಅಕ್ಕ ಬಂದಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು. ಇಂದಿಗೂ ಅವಳು ನನಗೆ ತಾನಾಗಿ ಫೋನ್ ಮಾಡುವುದಿಲ್ಲ.

ಆಸ್ಪತ್ರೆಯಲ್ಲಿ ನಾಲ್ಕನೇ ದಿನ ಮಾನ್ಯಾ ಎದ್ದು ಕುಳಿತಳು. ಅಲ್ಲಿಯವರೆಗೆ ಅಪ್ಪನೊಡನೆ ಮಾತಾಡಿರಲಿಲ್ಲ. ಸಿಟ್ಟಿರಬೇಕೆಂದು ನಾನು ತಿಳಿದಿದ್ದೆ. ಸಿಟ್ಟಲ್ಲ, ಅವಳು ಮನಸ್ಸಿನಲ್ಲಿ ವಾಕ್ಯ ಜೋಡಿಸುತ್ತಿದ್ದಳು. ಕಾಲ ಬಳಿ ಕುಳಿತಿದ್ದ ಭಾವನನ್ನು ನೋಡಿ, ಒಂದೊಂದೇ ಪದ ಹುಡುಕಿ ಕೇಳಿದಳು.

"ಅಪ್ಪಾ, ಸಾರಿ. ನನಗ ಶಬ್ದ ಗೊತ್ತಿರಲಿಲ್ಲ. 'ಖಾಲಿ'ಗೆ ಕನ್ನಡದಾಗ ಏನಂತಾರ?"

ಭಾವ ಅವಳ ಹೊದಿಕೆಯ ಅಂಚು ಸರಿಮಾಡಿದರು.

"ಕೆಳಗ," ಎಂದರು.

"ಕೆಳಗ," ಎಂದಳು ಮಾನ್ಯಾ. ಮತ್ತೊಮ್ಮೆ ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ಅಪ್ಪನ ಮುಖ ನೋಡಿ ಕೇಳಿದಳು. "ಇಷ್ಟೇ ಏನು?"